ಬಣ್ಣ ಬೇಡವೆಂದಿದ್ದ ಮರದ ತುಂಡುಗಳು

ಗೆಳೆಯರೇ, ನನ್ನ ಸಂಶೋಧನೆಯ ಮರದ ತುಂಡುಗಳಿಗೆಲ್ಲ ಸೋದರಮಾವ ಬಣ್ಣ ಹಚ್ಚಿ ಕೂರಿಸಿದ್ದಾರೆ.

ಮಾವನದು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಅಂಗಡಿ. ನನ್ನದು ಮಂಗಳೂರಿನಲ್ಲಿ ಕಡಲಜೀವಿಗಳ ಅಧ್ಯಯನ. ಹಡಗಿನ ತಳಕ್ಕೆ ಅಂಟಿಕೊಂಡು ಬರುವ ಪರದೇಶದ ಚಿಪ್ಪುಜೀವಿಗಳು ನಮ್ಮ ಬಂದರಿನ ಕಂಬಗಳ ಮೇಲೆ ಮನೆ ಮಾಡಿಕೊಳ್ಳುತ್ತವೆ. ಯಾವುವು ಬಂದಿವೆ ಎಂದು ತಿಳಿಯಲು ಅಲ್ಲಿ ನೀರಿಗೆ ಮರದ ತುಂಡು ಇಳಿಬಿಡಬೇಕು. ಆ ತುಂಡುಗಳನ್ನು ಕಡೆದುಕೊಡಲು ಮಾವನನ್ನು ಕೇಳಿದಾಗಲೇ ಬಣ್ಣ ಕೂಡದೆಂದು ಫೋನಿನಲ್ಲಿ ಹೇಳಿದ್ದೆ.

ಇವತ್ತು ತರಲು ಹೋದರೆ ಅಷ್ಟಕ್ಕೂ ಕೆಂಪು, ಹಳದಿ ಅರಗು ಹಚ್ಚಿ, ತಾಳೆಗರಿಯಲ್ಲಿ ತಿಕ್ಕಿ, ಮುಖ ಕಾಣುವಷ್ಟು ಹೊಳಪು ಕೊಟ್ಟಿದ್ದಾರೆ.

“ಬಣ್ಣ ಬ್ಯಾಡ ಅಂದಿದ್ನಲ್ಲ ಮಾವ?”

“ಬರೀ ಮರ ನಮ್ಮಂಗ್ಡಿ ಹೊಸ್ಲು ದಾಟಲ್ಲ ಕಣವ್ವ. ನಮ್ಮಪ್ಪನ ಕಾಲದಿಂದ್ಲೂ ಹಂಗೇಯ.”

“ಆ ಜೀವಿಗಳು ಬಂದು ಕೂರ್ಲಿ ಅಂತ್ಲೇ ಇಳಿಬಿಡೋದು. ಬಣ್ಣ ಇದ್ರೆ ಕೂರ್ದೇ ಹೋಗ್ಬೋದು.”

“ಕೂರ್ದಿದ್ರೆ ಒಳ್ಳೇದೇ ಆಯ್ತು,” ಎಂದು ಮಾವ ಹೆದ್ದಾರಿಯತ್ತ ಕೈ ತೋರಿಸಿದರು. ಅಲ್ಲಿನ ಬೊಂಬೆ ಅಂಗಡಿಗಳ ತುಂಬ ಈಗ ಚೀನಾದ ಪ್ಲಾಸ್ಟಿಕ್. “ಅವು ಬಂದು ನಮ್ ಜಾಗ್ದಲ್ಲಿ ಕೂತಿರೋದು ಸಾಲ್ದಾ? ಇನ್ನೊಂದಕ್ಕೂ ನಾನೇ ಮಣೆ ಹಾಕ್ಬೇಕಾ?”

ನಾನೇ ಉಜ್ಜಿ ತೆಗೆಯೋಣವೆಂದು ಉಪ್ಪುಕಾಗದ ಕೇಳಿದೆ. “ಇಲ್ಲ” ಅಂದರು, ಆ ಕಾಗದದ ಕಟ್ಟಿನ ಮೇಲೇ ಕೂತುಕೊಂಡು.

ಸೋಮವಾರ ಇವನ್ನೇ ಬಂದರಿನ ನೀರಿಗೆ ಇಳಿಬಿಡುತ್ತೇನೆ. ಆಗದು ಎನ್ನುವುದಾದರೆ ನನ್ನ ಗೈಡ್ ತಾವೇ ಚನ್ನಪಟ್ಟಣಕ್ಕೆ ಬರಲಿ, ಮಾವನನ್ನು ಎಬ್ಬಿಸಿ ಆ ಕಾಗದ ತೆಗೆದುಕೊಳ್ಳಲಿ.