ಓಡಲೊಲ್ಲದ ಮೂಳೆಯಪ್ಪ

ಡ್ರಾಯಿಂಗ್ ಮೇಷ್ಟ್ರ ಬಳಿ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟ್ ಇತ್ತು. ಬೇರೆ ಏನಿತ್ತು ಎಂದು ಕೇಳಬೇಡಿ. ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ, ಕರಿಹಲಗೆಯ ನೆತ್ತಿಗೆ ಅದನ್ನು ನೇತುಹಾಕಿ, ವಾರಕ್ಕೆರಡು ಸಂಜೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ಹತ್ತೊಂಬತ್ತು ವರ್ಷ ಕಲಿಸಿದರು. ಅಷ್ಟರಲ್ಲಿ ಅವರ ಕೈಯಿಂದ ಹೊರಬಂದದ್ದು ಒಂದು ಹೂಜಿ, ಎರಡು ಸೇಬು, ಒಂದು ಕುದುರೆ. ಕುದುರೆಯೂ ನಿಂತದ್ದೇ. ಓಡುವುದನ್ನು, ನೆಗೆಯುವುದನ್ನು ಬರೆಯುವುದು ಕೀಳು ಕೆಲಸ ಎಂಬುದು ಮೇಷ್ಟ್ರ ಮತ. ಕುಣಿಯಲಾರದವಳಿಗೆ ನೆಲ ಡೊಂಕಾದ ಹಾಗೆ, ಬರೆಯಲಾರದವನಿಗೆ ಓಟವೇ ಕೀಳು.

ಕುತ್ತು ಬಂದದ್ದು ಆ ಓಟದಿಂದಲೇ. ಗ್ರಂಥಾಲಯದ ಕಾರ್ಯದರ್ಶಿ ಒಂದು ಸಂಜೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು.

"ಮೇಷ್ಟ್ರೇ, ಚೆಸ್ ಆಡೋರು ಈ ರೂಮು ಕೇಳ್ತಾ ಇದಾರೆ. ನಿಮ್ಮ ಕ್ಲಾಸಲ್ಲಿ ಏನು ನಡೀತಿದೆ ಅಂತ ಕಮಿಟಿಯೋರ ಪ್ರಶ್ನೆ. ಹಾಳೆ ಸರಸರ ಬಿಟ್ಟರೆ ಚಿತ್ರ ಓಡೋ ಪುಸ್ತಕ ಇರುತ್ತಲ್ಲ, ಅಂಥದ್ದೊಂದು ಮಾಡಿಸಿ. ಕಾರ್ಟೂನ್ ಅಸ್ಥಿಪಂಜರ ಇರ್ಲಿ, ನೋಡಿದೋರು ನಗಬೇಕು. ಭಾನುವಾರ ನೋಡ್ತೀವಿ. ಅದು ಓಡಿದ್ರೆ ರೂಮು ನಿಮ್ದು. ಇಲ್ದಿದ್ರೆ ಚೆಸ್‌ನೋರ್ದು."

ಮೇಷ್ಟ್ರು ತಲೆಯೆತ್ತಿ ಸರ್ಟಿಫಿಕೇಟ್ ನೋಡಿದರು. ಆ ಹದಿನೆಂಟು ಮೆಟ್ಟಿಲಿನ ಮೇಲೆ ಮಾತ್ರ ಅವರು ಮೇಷ್ಟ್ರು. ಕೆಳಗಿಳಿದರೆ ಸಿಮೆಂಟ್ ಅಂಗಡಿಯ ಗುಮಾಸ್ತ, "ಏನ್ರೀ, ಇಲ್ಲಿ ಬನ್ರೀ" ಎಂದು ಯಾರು ಬೇಕಾದರೂ ಕರೆಯಬಹುದಾದ ಆಸಾಮಿ. ಮನೆಯಲ್ಲಂತೂ ಆ ಸರ್ಟಿಫಿಕೇಟಿಗೆ ಹೆಂಡತಿ ಒಂದು ಮೊಳೆ ಹೊಡೆಯಲೂ ಬಿಟ್ಟಿರಲಿಲ್ಲ.

ಕ್ಲಾಸಿನಲ್ಲಿ ಇಪ್ಪತ್ತನಾಲ್ಕು ಜನ, ಎಲ್ಲರೂ ಈಗಷ್ಟೇ ಪೆನ್ಸಿಲ್ ಹಿಡಿದವರು. ತಲೆಗೊಂದು ಹಾಳೆ ಬರೆದರೆ ಪುಸ್ತಕ ಆಯಿತು. ಮೇಷ್ಟ್ರು ಮೊದಲ ಸಂಜೆ ಪೂರ್ತಿ ಮೂಳೆಗಳ ಹೆಸರು ಬಾಯಿಪಾಠ ಮಾಡಿಸಿದರು. ಎರಡನೆಯ ಸಂಜೆ, ಒಂದು ಪಟ ನೋಡಿಕೊಂಡು, ಅಳತೆಗೋಲು ಹಿಡಿದು, ಒಂದು ಕಾಲು ಎತ್ತಿದ ಅಸ್ಥಿಪಂಜರವನ್ನು ಹಲಗೆಯ ಮೇಲೆ ಇಳಿಸಿದರು. ಮುಂದಿನ ಬೆಂಚಿನವರು ಅದಕ್ಕೆ ಮೂಳೆಯಪ್ಪ ಎಂದು ಹೆಸರಿಟ್ಟರು.

"ಎಲ್ಲರೂ ಇದನ್ನೇ ಬರೀರಿ. ಕೂದಲೆಳೆಯಷ್ಟೂ ಆಚೀಚೆ ಆಗ್ಬಾರ್ದು."

ಮೂರನೆಯ ಬೆಂಚಿನಿಂದ ಟೈಲರಕ್ಕ ಕೈ ಎತ್ತಿದಳು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮೂವತ್ತು ವರ್ಷದಿಂದ ಪ್ಯಾಂಟು ಹೊಲಿಯುತ್ತಿದ್ದವಳು. "ಮೇಷ್ಟ್ರೇ, ಎಲ್ಲಾರೂ ಇದನ್ನೇ ಬರೆದ್ರೆ, ಇವನು ಮುಂದಿನ ಹೆಜ್ಜೆ ಇಡೋದು ಯಾರ ಹಾಳೇಲಿ?"

"ಅಕ್ಕಾ, ಜೇಬು ಹೊಲಿಯೋ ಕೈಗೆ ಇದು ತಿಳಿಯೋದಲ್ಲ. ಎಲ್ಲಿ, ನಿಮ್ಮ ಹಾಳೆ ತೋರ್ಸಿ. ಏನಿದು? ಮಂಡಿ ಎಲ್ಲಿಗೋ ಹೋಗಿದೆ! ಪಕ್ಕೆಲುಬು ಎಷ್ಟು ಬರೆದಿದೀರಿ?"

"ಐದು."

"ಒಂದೊಂದು ಕಡೆಗೆ ಹನ್ನೆರಡು! ಹನ್ನೆರಡು!" ಮೇಷ್ಟ್ರು ಕೆಂಪು ಪೆನ್ಸಿಲಿನಲ್ಲಿ ಹಾಳೆಗೆ ಅಡ್ಡಗೆರೆ ಎಳೆದರು. ಅವಳ ಪಾಲಿನ ಹಾಳೆಯನ್ನು ತಾವೇ ಬರೆದು ಸೇರಿಸಿದರು. ಟೈಲರಕ್ಕ ತನ್ನ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಇಪ್ಪತ್ತನಾಲ್ಕು ಹಾಳೆಯನ್ನೂ ಮೇಷ್ಟ್ರು ಮನೆಗೊಯ್ದು ಕಿಟಕಿ ಗಾಜಿಗೆ ಒತ್ತಿ, ಒಂದರ ಮೇಲೊಂದಿಟ್ಟು ತಾಳೆ ನೋಡಿದರು. ಮಂಡಿಯ ಮೇಲೆ ಮಂಡಿ, ಬುರುಡೆಯ ಮೇಲೆ ಬುರುಡೆ. ಬಟ್ಟೆ ಒಣಗಹಾಕುತ್ತಿದ್ದ ಹೆಂಡತಿ ಇಣುಕಿದಳು.

"ಎಲ್ಲಾ ಒಂದೇ ಥರ ಇದೆಯಲ್ರೀ."

"ಮತ್ತೆ? ಹತ್ತೊಂಬತ್ತು ವರ್ಷದ ಶಿಸ್ತು ಕಣೇ!"

"ನಂಗೇನು ಗೊತ್ತು, ಬಿಡಿ. ಓಡೋನು ಅಂದ್ರಿ, ಅದಕ್ಕೇ ಕೇಳ್ದೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಯಾರು ಏನು ಹೇಳಿಯಾರು?

ಭಾನುವಾರ ಕಮಿಟಿಯವರು ಐವರೂ ಬಂದು ಕುಳಿತರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪುಸ್ತಕವನ್ನು ಎತ್ತಿ ಹಿಡಿದು, ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರ ಬಿಟ್ಟರು.

ಮೂಳೆಯಪ್ಪ ಓಡಲಿಲ್ಲ. ಎತ್ತಿದ ಕಾಲು ಎತ್ತಿದ್ದೇ, ಇಟ್ಟ ಕಾಲು ಇಟ್ಟದ್ದೇ. ಇಪ್ಪತ್ತನಾಲ್ಕು ಕೈಗಳ ಗೆರೆ ಕೂದಲೆಳೆಯಷ್ಟು ಅಲುಗಾಡಿದ್ದಕ್ಕೆ ಅವನು ನಿಂತಲ್ಲೇ ಗಡಗಡ ನಡುಗಿದ.

"ಏನ್ ಮೇಷ್ಟ್ರೇ, ಪಾಪ, ಇವನಿಗೆ ಚಳಿಜ್ವರವಾ?" ಎಂದರು ಕಾರ್ಯದರ್ಶಿ.

"ಬಚ್ಚಲು ಖಾಲಿ ಇಲ್ಲ ಅಂತ ಕಾಯ್ತಾ ನಿಂತಿರ್ಬೇಕು," ಎಂದರು ಇನ್ನೊಬ್ಬರು. ಬೆಂಚುಗಳೆಲ್ಲ ಗೊಳ್ಳೆಂದವು.

ಮೇಷ್ಟ್ರು ಮೂರು ಸಲ ತಿರುವಿದರು. ಮೂರು ಸಲವೂ ಚಳಿಯೇ. "ವಿದ್ಯಾರ್ಥಿಗಳ ಕೈ ಸರಿಯಿಲ್ಲ," ಎಂದರು. ತಪ್ಪನ್ನು ದಾಟಿಸುವುದರಲ್ಲಿ ಮಾತ್ರ ಅವರ ಕೈಗೆ ಓಟ ಇತ್ತು.

ಆಗ ಟೈಲರಕ್ಕ ಎದ್ದು, ಚೀಲದಿಂದ ಒಂದು ಕಟ್ಟು ತೆಗೆದಳು. ಪ್ಯಾಂಟಿನ ಅಳತೆ ಕತ್ತರಿಸಿ ಉಳಿದ ಖಾಕಿ ಕಾಗದ, ಹನ್ನೆರಡು ತುಂಡು, ಅಂಚಿಗೆ ದಾರದ ಹೊಲಿಗೆ. ಎಲ್ಲಕ್ಕೂ ಮುಂದೆ ಕ್ಲಾಸಿನ ಆ ಹಾಳೆ, ಮೇಲೆ ಕೆಂಪು ಅಡ್ಡಗೆರೆ ಹಾಗೇ ಇತ್ತು. ಅವಳು ಹಾಳೆಗಳನ್ನು ಸರಸರ ಬಿಟ್ಟಳು. ಮೂಳೆಯಪ್ಪ ಮುಂದಕ್ಕೆ ಬಾಗಿ, ಎಡಗಾಲಿಗೆ ಬಲಗೈ ಬೀಸಿ, ನೆಲ ಒದ್ದು, ಗಾಳಿಯಲ್ಲಿ ಒಂದು ಗಳಿಗೆ ತೇಲಿ, ದಬದಬನೆ ಓಡಿಯೇ ಹೋದ. ಬುರುಡೆ ಒಂದು ಹೆಜ್ಜೆ ಹಿಂದೆ ಉಳಿದು, ಆಮೇಲೆ ಬಂದು ಕತ್ತಿನ ಮೇಲೆ ಕೂತಿತು.

"ಎಲ್ಲಿ ಕಲಿತೆ ತಾಯಿ?" ಎಂದರು ಕಾರ್ಯದರ್ಶಿ.

"ಕಲಿಯೋದೇನಣ್ಣ? ಮೊದಲು ಬೆನ್ನಿಗೆ ಬಿಲ್ಲಿನ ಹಾಗೆ ಒಂದೇ ಗೆರೆ. ಅದರ ಮೇಲೆ ತಲೆಗೊಂದು ಮೊಟ್ಟೆ, ಎದೆಗೊಂದು ಬುಟ್ಟಿ, ಸೊಂಟಕ್ಕೊಂದು ಬೋಗುಣಿ. ಮಂಡಿ ಎಲ್ಲಿ ಮಡಚುತ್ತೆ ಅಂತ ಮೂವತ್ತು ವರ್ಷದಿಂದ ಹರಿದ ಪ್ಯಾಂಟು ನೋಡ್ತಾನೇ ಇದೀನಿ. ಒಂದೊಂದು ಹಾಳೇಲಿ ಒಂಚೂರು ಮುಂದೆ ಹಾಕ್ದೆ, ಅಷ್ಟೇ."

ಕಮಿಟಿಯವರು ಅಲ್ಲೇ ತೀರ್ಮಾನ ಮಾಡಿದರು. ರೂಮು ಚಿತ್ರದ ಕ್ಲಾಸಿಗೇ ಇರಲಿ, ಕಲಿಸುವುದು ಟೈಲರಕ್ಕ.

ಮೇಷ್ಟ್ರು ಆ ಖಾಕಿ ಕಾಗದವನ್ನು ಕಸಿದು, ಕನ್ನಡಕ ಏರಿಸಿ ನೋಡಿದರು. "ಪಕ್ಕೆಲುಬು ಐದೇ ಇದೆ," ಎಂದರು.

"ಓಡೋನಿಗೆ ಭಾರ ಕಮ್ಮಿ ಇರ್ಲಿ ಅಂತ ಬಿಟ್ಟೆ, ಮೇಷ್ಟ್ರೇ."

ಮೇಷ್ಟ್ರು ಬೆಂಚು ಹತ್ತಿ ಸರ್ಟಿಫಿಕೇಟ್ ಇಳಿಸಿದರು. ಅದರ ಹಿಂದಿನಿಂದ ಅಂಗೈಯಗಲ ಗಾರೆ ಕಳಚಿ ಕೆಳಗೆ ಬಿತ್ತು. ಇಟ್ಟಿಗೆ ಹಲ್ಲು ಕಿರಿಯಿತು.

"ಅಯ್ಯೋ, ಅದು ಅಲ್ಲೇ ಇರ್ಲಿ ಬಿಡಿ ಮೇಷ್ಟ್ರೇ," ಎಂದಳು ಟೈಲರಕ್ಕ, "ತೂತು ಕಾಣ್ಸುತ್ತೆ."

ಮೇಷ್ಟ್ರು ಒಂದು ಗಳಿಗೆ ಗೋಡೆ ನೋಡಿದರು, ಒಂದು ಗಳಿಗೆ ಕೈಯಲ್ಲಿದ್ದ ಸರ್ಟಿಫಿಕೇಟ್. ಆಮೇಲೆ ಅದನ್ನು ಮತ್ತೆ ಅದೇ ಮೊಳೆಗೆ ಸಿಕ್ಕಿಸಿ, ಹದಿನೆಂಟು ಮೆಟ್ಟಿಲು ಇಳಿದು ಹೋದರು. ಹತ್ತೊಂಬತ್ತು ವರ್ಷಕ್ಕೆ ಆ ಸರ್ಟಿಫಿಕೇಟಿಗೂ ಒಂದು ಕೆಲಸ ಸಿಕ್ಕಿತು.