ಬೂದಿಯಲ್ಲಿ ಹೂತ ಕರಿಮಣಿ

ನನ್ನ ಮದುವೆಯ ಕರಿಮಣಿಯನ್ನು ತಾನೇ ಮಾಡುತ್ತೇನೆಂದು ವೈನಿ ಹಟ ಹಿಡಿದಿದ್ದಳು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಕಾರವಾರದ ಆಫೀಸಿಗೆ ಬಸ್ಸು ಹತ್ತಿದ ಮೇಲೆ, ಕೇಣಿಯ ನಮ್ಮ ಮನೆಯ ಹಿತ್ತಿಲಲ್ಲಿ ಗ್ಯಾಸಿನ ಉರಿ ಹಚ್ಚಿ, ಗಾಜಿನ ಕಡ್ಡಿ ಕರಗಿಸಿ ಮಣಿ ಮಾಡುತ್ತಿದ್ದಳು. ಅವನ್ನು ಸರ, ಕಿವಿಯೋಲೆ ಮಾಡಿ ಮಾರುತ್ತಿದ್ದಳು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಮ್ಮೂರಲ್ಲಿ ಆಗ ಇದು ಹುಚ್ಚು ಅಂತಲೇ ಲೆಕ್ಕ.

ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಸುತರಾಂ ಮನಸ್ಸಿರಲಿಲ್ಲ. "ಕರಿಮಣಿ ಅಂದ್ರೆ ಆಟದ ಸಾಮಾನಾ? ಅಂಕೋಲೆ ಪೇಟೆಲಿ ಸಿಕ್ತದೆ, ತಕಂಡ್ ಬಂದ್ರಾಯ್ತು."

"ಪೇಟೇದು ಎಲ್ಲರ ಕುತ್ತಿಗೇಲೂ ಅದೆ ಅತ್ತೆ. ಇವ್ಳಿಗೆ ನಾ ಕೊಡೂಕೆ ಬೇರೆ ಎಂತದೆ?"

ಬಿಸಿ ಮಣಿ ಒಮ್ಮೆಲೇ ತಣಿದರೆ ಬಿರಿಯುತ್ತದೆ. ಅದಕ್ಕೆ ವೈನಿ ಅವನ್ನು ಬಚ್ಚಲೊಲೆಯ ಪಕ್ಕ, ಬಿಸಿ ಬೂದಿ ತುಂಬಿದ ಗಡಿಗೆಯಲ್ಲಿ ಸಂಜೆಯವರೆಗೆ ಹೂತಿಡುತ್ತಿದ್ದಳು.

ಒಂದು ಮಧ್ಯಾಹ್ನ ಆಯಿ ಮೀನು ಕೊಂಡಳು. ಕೈಯಿಂದ ಜಾರುವ ಮೀನನ್ನು ನಮ್ಮ ಕಡೆ ಬೂದಿ ಹಚ್ಚಿಯೇ ಕೊಯ್ಯುವುದು. ಹತ್ತಿರ ಕಂಡ ಗಡಿಗೆಯನ್ನು ಮೀನಿನ ಮೇಲೆ ಬಗ್ಗಿಸಿದಳು. ಬೂದಿ ಕೈ ಸುಟ್ಟಿತು ಅಂತ ಒಂದು ತಂಬಿಗೆ ನೀರೂ ಹೊಯ್ದಳು. ಚಟ್ ಚಟ್ ಅಂತ ಮಣಿಗಳೆಲ್ಲ ಒಡೆದವು.

ಆಯಿಯ ಮುಖ ಬಿಳಚಿತು. ಮದುವೆಗೆ ಮುಂಚೆ ಕರಿಮಣಿ ಒಡೆಯುವುದಕ್ಕಿಂತ ಕೆಟ್ಟ ಶಕುನ ಅವಳಿಗೆ ಗೊತ್ತಿರಲಿಲ್ಲ. ವೈನಿ ಓಡಿ ಬಂದಳು. ನೋಡಿದಳು. ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಚೂರೊಂದನ್ನು ಎತ್ತಿ ಹಿಡಿದು ಹೇಳಿದಳು: "ಪೋಣಿಸೂ ತನಕ ಇದು ಬರೀ ಗಾಜು ಅತ್ತೆ. ಶಕುನ ಹತ್ತೂಕೆ ದಾರನೇ ಇಲ್ಲ."

ಆಯಿ ಆ ಚೂರನ್ನು ಇಸಕೊಂಡು ನೋಡಿದಳು. "ಮತ್ತೆ ಮಾಡೂಕಾಗ್ತದಾ?"

"ನೀವು ಬೂದಿ ಬಿಟ್ಟುಕೊಟ್ರೆ."

ಅಂದಿನಿಂದ ಗಡಿಗೆಗೆ ಆಯಿಯದೇ ಕಾವಲು. ಪಕ್ಕದ ಮನೆಯಾಕೆ ಪಾತ್ರೆ ತಿಕ್ಕಲು ಬೂದಿ ಕೇಳಿದರೆ, "ಇಲ್ಲ ಮಾರಾಯ್ತಿ, ಅದ್ರಲ್ಲಿ ಕರಿಮಣಿ ಮಲಗ್ಯದೆ," ಅಂದು ಕಳಿಸಿದಳು. ಜಾರುವ ಮೀನು ಬಂದ್. ಮದುವೆಯವರೆಗೆ ನಮಗೆ ಒಣಮೀನೇ ಗತಿ.

ಮಣಿಗಳು ಚೆನ್ನಾಗಿ ಬಂದವು. ಒಂದೆರಡು ಸೊಟ್ಟ ಇದ್ದವು, ಇರಲಿ. ಮದುವೆಯ ದಿನ, ತಾಳಿ ಕಟ್ಟಿದ ಮೇಲೆ, ನೆಂಟರ ಹೆಂಗಸೊಬ್ಬಳು ನನ್ನ ಕುತ್ತಿಗೆ ಮುಟ್ಟಿ ನೋಡಿ ಕೇಳಿದಳು: "ಎಲ್ಲಿ ತಂದದ್ದೇ?"

ವೈನಿ ಬಾಯಿ ತೆರೆಯುವ ಮೊದಲೇ ಆಯಿ ಹೇಳಿದಳು: "ಮನೇದು. ಕೈ ಸೊಸೇದು, ಬೂದಿ ನಂದು."

"ಮೀನೂ ನಿಮ್ದೇ," ಅಂತ ವೈನಿ ಮೆಲ್ಲಗೆ ಗೊಣಗಿದಳು. ಆಯಿ ನಗು ಅದುಮಿಕೊಂಡು, ಯಾರಿಗೂ ಕಾಣದಂತೆ ಅವಳ ಕೈ ಚಿವುಟಿದಳು.