ಖಾಲಿ ಬಿಡಬಹುದಾಗಿದ್ದ ಕಾಲಮ್ಮು

ದಾವಣಗೆರೆಯ ಕೆ.ಬಿ. ಬಡಾವಣೆಯ ವಾಣಿಶ್ರೀಗೆ ಗೊತ್ತಿರುವಷ್ಟು ಅಡುಗೆಮನೆಗಳು ಈ ಜಿಲ್ಲೆಯಲ್ಲಿ ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ. ಮೂವತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ಸರ್ವೆ. ಒಂದು ವರ್ಷ ಕುಡಿಯುವ ನೀರಿನ ಯೋಜನೆ, ಇನ್ನೊಂದು ವರ್ಷ ಬಾಣಂತಿಯರ ಆರೋಗ್ಯ, ಆಮೇಲೆ ಶಾಲೆ ಬಿಟ್ಟ ಮಕ್ಕಳು. ಯೋಜನೆ ಬದಲಾಗುತ್ತಿತ್ತು, ಸಂಸ್ಥೆಯ ಬೋರ್ಡು ಬದಲಾಗುತ್ತಿತ್ತು, ಹೊಸಿಲಾಚೆ ನಿಂತು ‘ಯಾರದಾರ್ರೀ ಒಳಗೆ?’ ಎಂದು ಕೂಗುವವಳು ಮಾತ್ರ ಬದಲಾಗಲಿಲ್ಲ. ಹಳ್ಳಿಗಳಲ್ಲಿ ಅವಳು ವಾಣಕ್ಕ. ನಾವೂ ಹಾಗೇ ಕರೆಯೋಣ.

ಆ ದಿನಗಳ ಮಾತು ತೆಗೆದರೆ ಸಾಕು, ವಾಣಕ್ಕನ ಮುಖ ಅರಳುತ್ತದೆ. ಬೆಳಿಗ್ಗೆ ಆರೂವರೆಯ ಬಸ್ಸು, ಹರಿಹರದಲ್ಲಿ ಇಳಿದು ಒಂದು ಚಾ, ಅಲ್ಲಿಂದ ಹಳ್ಳಿ ಬಸ್ಸು, ಕಂಕುಳಲ್ಲಿ ಕ್ಲಿಪ್ ಹಾಕಿದ ಪ್ಯಾಡು. ಯಜಮಾನರ ಹೆಸರೇನು ಎಂದರೆ ಹೆಂಗಸರು ನಾಚಿ ಸೆರಗು ಕಚ್ಚುತ್ತಿದ್ದರು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದಂತೆ! ಕೊನೆಗೆ ಪಕ್ಕದ ಮನೆಯವಳೇ ಕೂಗಿ ಹೇಳಬೇಕು, ಆಮೇಲೆ ಎಲ್ಲರೂ ನಗಬೇಕು. ಮಧ್ಯಾಹ್ನ ಯಾವ ಮನೆಯಲ್ಲಿದ್ದರೆ ಆ ಮನೆಯಲ್ಲಿ ರೊಟ್ಟಿ. ಜಾತಿ ಕೇಳುವ ಕಾಲಮ್ಮು ಫಾರ್ಮಿನಲ್ಲಿತ್ತು, ವಾಣಕ್ಕನ ಹೊಟ್ಟೆಯಲ್ಲಿರಲಿಲ್ಲ.

ಅವಳ ಕೆಲಸಕ್ಕೊಂದು ಮರ್ಮವಿತ್ತು. ಪೆನ್ನು ಕಂಡರೆ ಬಾಯಿ ಮುಚ್ಚುತ್ತದೆ ಎಂದು ಅವಳಿಗೆ ಮೊದಲ ವಾರದಲ್ಲೇ ತಿಳಿದಿತ್ತು. ಹಾಗಾಗಿ ಕಷ್ಟದ ಪ್ರಶ್ನೆ ಬಂದಾಗ ಪ್ಯಾಡು ಪಕ್ಕಕ್ಕಿಟ್ಟು, ಮನೆಯಾಕೆಯ ಮೊರಕ್ಕೆ ಕೈ ಹಾಕಿ, ಅಕ್ಕಿಯ ಕಲ್ಲು ಆರಿಸತೊಡಗುತ್ತಿದ್ದಳು. ನಾಲ್ಕು ಕಲ್ಲು ಹೊರಬೀಳುವಷ್ಟರಲ್ಲಿ ಒಂದು ಗುಟ್ಟೂ ಹೊರಬೀಳುತ್ತಿತ್ತು. ಎಲ್ಲ ನೆನಪಿಟ್ಟುಕೊಂಡು ಬಸ್ ಸ್ಟಾಪಿನಲ್ಲಿ ಕೂತು ಬರೆಯುವಳು. ಬೇರೆಯವರ ಫಾರ್ಮುಗಳು ಕೆಂಪು ಶಾಯಿಯ ಸುತ್ತು ಹಾಕಿಸಿಕೊಂಡು ವಾಪಸು ಬರುತ್ತಿದ್ದವು. ವಾಣಕ್ಕನದು ಒಂದೂ ಬಂದದ್ದಿಲ್ಲ. ಅವಳ ಫಾರ್ಮಿನಲ್ಲಿ ಒಂದು ಕಾಲಮ್ಮೂ ಖಾಲಿ ಇರುತ್ತಿರಲಿಲ್ಲ. ಆ ಹೆಮ್ಮೆ ಅವಳಿಗೆ ಕೊಂಚ ಜಾಸ್ತಿಯೇ ಇತ್ತು ಅನ್ನಿ.

ಹದಿನೈದು ವರ್ಷದ ಹಿಂದೆ, ಹರಿಹರ ತಾಲೂಕಿನ ಕಡರನಾಯಕನಹಳ್ಳಿಯಲ್ಲಿ ದುರುಗವ್ವ ಎಂಬಾಕೆ ಹಾಗೆಯೇ ಕಲ್ಲು ಆರಿಸುತ್ತ ಮಗಳು ಯಶೋದಾಳ ಕಾಯಿಲೆಯ ಮಾತು ಹೇಳಿದಳು. ಯಾವ ಕಾಯಿಲೆ ಎಂದು ಕೇಳಬೇಡಿ. ಒಮ್ಮೆ ಬಯಲಾದದ್ದು ಸಾಕು, ನಾನೂ ಬರೆಯುವುದಿಲ್ಲ. ವಾಣಕ್ಕ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಫಾರ್ಮಿನಲ್ಲಿ ಬರೆದಳು, ಅಷ್ಟೇ.

ಮೂರು ತಿಂಗಳಾದ ಮೇಲೆ ಶಾಲೆಯ ಜಗುಲಿಯಲ್ಲಿ ಸಭೆ. ಸಂಸ್ಥೆಯ ಅಧಿಕಾರಿಯೊಬ್ಬರು ವರದಿ ಓದಿದರು. ಯಾರ ಹೆಸರನ್ನೂ ಹೇಳುವುದಿಲ್ಲ ಎಂದು ಮೊದಲೇ ದೊಡ್ಡಸ್ತಿಕೆಯಿಂದ ಸಾರಿ, ಆಮೇಲೆ ಓದಿದರು: ‘ಗಂಡನಿಲ್ಲದ, ಎರಡು ಎಮ್ಮೆ ಸಾಕಿಕೊಂಡು ಒಬ್ಬಳೇ ಮಗಳೊಂದಿಗಿರುವ ಒಂದು ಕುಟುಂಬದಲ್ಲಿ...’ ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಊರಿನಲ್ಲಿ ಅಂಥ ಮನೆ ಇದ್ದದ್ದು ಒಂದೇ. ಕೂತಿದ್ದ ಜನರೆಲ್ಲ ಒಟ್ಟಿಗೆ ದುರುಗವ್ವನ ಕಡೆ ತಿರುಗಿದರು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರಾರು? ವಾರದೊಳಗೆ ಮಾತು ಹರಿಹರ ಮುಟ್ಟಿತು, ಯಶೋದಾಳಿಗೆ ನಿಶ್ಚಯವಾಗಿದ್ದ ಗಂಡು ಅಲ್ಲಿಯವನೇ, ಸಂಬಂಧ ಮುರಿಯಿತು. ಅವಳಿಗೆ ಮದುವೆಯಾಗಲು ಮತ್ತೆ ನಾಲ್ಕು ವರ್ಷ ಹಿಡಿಯಿತು.

‘ನಾವು ಹೆಸರೇ ಹೇಳಿಲ್ಲವಲ್ಲ’ ಎಂದು ಆಫೀಸಿನಲ್ಲಿ ಎಲ್ಲರೂ ಕೈ ತೊಳೆದುಕೊಂಡರು. ವಾಣಕ್ಕನೂ ಅದನ್ನೇ ಹೇಳಿಕೊಂಡಳು, ಆದರೆ ಅವಳ ಮನಸ್ಸು ಒಪ್ಪಲಿಲ್ಲ. ಮತ್ತೆ ಆ ಊರು ಪಾಲಿಗೆ ಬಂದಾಗಲೆಲ್ಲ ಜೊತೆಗಾರ ತಿಮ್ಮೇಶನ ತಲೆಗೆ ಕಟ್ಟಿ ತಪ್ಪಿಸಿಕೊಂಡಳು. ದುರುಗವ್ವ ತನ್ನನ್ನು ದಿನಾ ಶಪಿಸುತ್ತಿರಬಹುದು ಎಂದುಕೊಂಡೇ ಹದಿನೈದು ವರ್ಷ ಕಳೆದಳು.

ಈ ವರ್ಷದ್ದು ಅವಳ ಕೊನೆಯ ಸರ್ವೆ. ವಿದ್ಯಾನಗರದಲ್ಲಿ ಎರಡು ದಿನ ತರಬೇತಿ. ಮಗಳ ವಯಸ್ಸಿನ ಪೂಜಾ ಟ್ಯಾಬ್ ಹಿಡಿದು ಹೇಳಿಕೊಟ್ಟಳು: ‘ಮೊದಲ ಪುಟ ಜೋರಾಗಿ ಓದ್ಲೇಬೇಕು ಮೇಡಂ. ಇಷ್ಟವಿಲ್ಲದ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ, ಕೊಡದಿದ್ದರೆ ಯಾವ ಸೌಲಭ್ಯವೂ ತಪ್ಪುವುದಿಲ್ಲ, ಅಂತ.’ ವಾಣಕ್ಕನ ಕಿವಿ ಬಿಸಿಯಾಯಿತು. ಹಳೆಯ ಫಾರ್ಮಿನ ತಳದಲ್ಲೂ ಇರುವೆ ಸಾಲಿನಂಥ ಅಕ್ಷರದಲ್ಲಿ ಇದೇ ಮಾತು ಇರುತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ಮನೆಯಲ್ಲೂ ಅವಳು ಅದನ್ನು ಓದಿರಲಿಲ್ಲ. ಹಾಗೆ ಓದಿದರೆ ಯಾರು ತಾನೇ ಹೇಳುತ್ತಾರೆ?

ಊರುಗಳನ್ನು ಹಂಚುವಾಗ ಕಡರನಾಯಕನಹಳ್ಳಿಯನ್ನು ಅವಳೇ ಕೇಳಿ ಪಡೆದಳು. ನಿವೃತ್ತಿಯಾಗುವ ಮೊದಲು ದುರುಗವ್ವನ ಮುಂದೆ ಕೂತು ತಪ್ಪಾಯಿತು ಅನ್ನಬೇಕು. ಅವಳು ಬೈದರೆ ಬೈಸಿಕೊಳ್ಳಬೇಕು.

ದುರುಗವ್ವ ಬಾಗಿಲಲ್ಲೇ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದಳು.

‘ವಾಣಕ್ಕ ಅಲ್ಲೇನ್ರಿ? ಬರ್ರಿ, ಕೂಡ್ರಿ.’

ಆ ದನಿಯಲ್ಲಿ ಸಿಟ್ಟಿರಲಿಲ್ಲ. ವಾಣಕ್ಕ ಕೂತಳು. ಅಭ್ಯಾಸಬಲ, ಕೈ ತಾನಾಗಿಯೇ ಮೊರದ ಕಡೆ ಹೋಯಿತು. ದುರುಗವ್ವ ಮೊರವನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು.

‘ಬ್ಯಾಡ್ರಿ ವಾಣಕ್ಕ. ನೀವು ಮೊರಕ್ಕೆ ಕೈ ಹಾಕಿದ್ರೆ ನನ್ನ ಬಾಯಿ ಸಡ್ಲಾಗ್ತೈತೆ.’

ವಾಣಕ್ಕ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಟ್ಯಾಬ್ ತೆರೆದು ಮೊದಲ ಪುಟವನ್ನು ನಿಧಾನಕ್ಕೆ, ಒಂದಕ್ಷರ ಬಿಡದೆ ಓದಿದಳು. ದುರುಗವ್ವ ಅಕ್ಕಿ ಕೇರುವುದನ್ನು ನಿಲ್ಲಿಸಿದಳು.

‘ಅಂದ್ರೆ, ಹೇಳ್ದಿದ್ರೂ ನಡೀತೈತಾ?’

‘ನಡೀತೈತೆ.’

‘ನಮ್ಮನ್ನ ಯೋಜನೆಯಿಂದ ತೆಗ್ಯಲ್ಲ?’

‘ಇಲ್ಲ ದುರುಗವ್ವ.’

‘ಭೇಷಾತು ಬಿಡ್ರಿ. ಇದು ಈಗ ಬಂದಿರ ಹೊಸ ಕಾನೂನೇನು?’

ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒಂದು ಚಾ ಕುಡಿದು, ನಗುತ್ತ ಎದ್ದು ಬರಬಹುದಿತ್ತು. ಆ ಹೂಂ ವಾಣಕ್ಕನ ನಾಲಿಗೆಯ ತುದಿಗೆ ಬಂದೂ ಇತ್ತು.

‘ಅಲ್ಲ’ ಅಂದಳು. ‘ಅವತ್ತೂ ಇತ್ತು. ನಾನು ನಿಮಗೆ ಓದಿ ಹೇಳಲಿಲ್ಲ.’

‘ಯಾಕ?’

‘ನನ್ನ ಫಾರ್ಮು ತುಂಬಬೇಕಿತ್ತು.’

ದುರುಗವ್ವ ಮೊರವನ್ನು ಕೆಳಗಿಟ್ಟಳು.

‘ಕೇಳಿದ್ದಕ್ಕೆಲ್ಲ ಹೇಳ್ಲೇಬೇಕೇನೋ ಅನ್ಕೊಂಡಿದ್ದೆ. ಹೇಳಿದ್ಮ್ಯಾಲೆ ಹಿಂಗಾತು. ನೀವೇನು ಮಾಡ್ತೀರಿ, ನಿಮ್ದು ನೌಕರಿ ಅಂತಿದ್ದೆ. ನನ್ನ ನಾಲಿಗೇನೇ ಸರಿ ಇಲ್ಲ, ಮಗಳ ಬಾಳಿಗೆ ನಾನೇ ಮಣ್ಣು ಹಾಕಿದೆ ಅಂತ ಹದಿನೈದು ವರ್ಷ ನನ್ನನ್ನ ನಾನೇ ಬೈಕೊಂಡೆ, ವಾಣಕ್ಕ. ನಿಮ್ಮನ್ನ ಒಂದು ದಿನಾನೂ ಬೈಲಿಲ್ಲ.’

ತಪ್ಪಾಯಿತು ಎಂದು ಹೇಳಲು ಬಂದವಳಿಗೆ ಆ ಮಾತು ಈಗ ತೀರ ಸಣ್ಣದಾಗಿ ಕಂಡಿತು. ಆದರೂ ಹೇಳಿದಳು. ದುರುಗವ್ವ ಅದನ್ನು ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ.

‘ಇವತ್ತು ಹೋಗ್ರಿ’ ಅಂದಳು. ‘ಬ್ಯಾರೆ ದಿನ ಬರ್ರಿ, ರೊಟ್ಟಿ ಹಾಕ್ತೀನಿ. ಇವತ್ತು ನಾನು ನಿಮ್ಮ ಮ್ಯಾಲೆ ಸಿಟ್ಟು ಮಾಡ್ಕಬೇಕು.’

ವಾಣಕ್ಕ ಟ್ಯಾಬ್ ಮುಚ್ಚಿ ಎದ್ದಳು. ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿರುವಾಗ ದುರುಗವ್ವ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

‘ಯಶೋದಾ, ಕೇಳಿಸ್ತೈತಾ? ಅದು ನನ್ನ ತಪ್ಪಲ್ಲಂತೆ ಕಣವ್ವ.’